ನನ್ನ ಪಾಲಿನ ಕೊಂಗಾಟ

ನನ್ನ ಮೊಮ್ಮಗಳು ಸಾನ್ವಿಗೆ ಒಂದು ಅಭ್ಯಾಸ. ಫೋನ್ ಇಡುವ ಮೊದಲು "ಲವ್ ಯೂ ಅಜ್ಜೀ" ಎನ್ನುತ್ತಾಳೆ. ಒಂದನೇ ಕ್ಲಾಸಿನ ಹುಡುಗಿ. ಸಂಜೆ ಕುಂದಾಪುರದಿಂದ ಅವಳ ಫೋನ್ ಬರುತ್ತದೆ. ಶಾಲೆಯಲ್ಲಿ ಯಾರ ಪೆನ್ಸಿಲ್ ಯಾರ ಚೀಲ ಸೇರಿತು, ಯಾರು ಯಾರೊಡನೆ ಠೂ ಬಿಟ್ಟರು, ಮಧ್ಯಾಹ್ನದ ಡಬ್ಬಿಯಲ್ಲಿ ಏನಿತ್ತು, ಎಲ್ಲ ವರದಿಯಾದ ಮೇಲೆ ಕೊನೆಗೆ ಈ ಲವ್ ಯೂ. ಬ್ರಹ್ಮಾವರದ ನನ್ನ ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿದು ನಿಂತ ನನಗೆ ದಿನವೂ ಅದೇ ಪೇಚಾಟ. ತಿರುಗಿ ಏನು ಹೇಳುವುದು? ಅವಳು ಹೇಳಿದ್ದನ್ನೇ ತಿರುಗಿಸಿ ಹೇಳಲು ನಾಲಿಗೆ ಏಳುವುದಿಲ್ಲ. "ಹ್ಞಾಂ ಹ್ಞಾಂ, ಆಯ್ತ್ ಆಯ್ತ್, ಉಂಡ್ ಮನಿಕೋ" ಎಂದು ಚಂದಾ ಕೇಳಲು ಬಂದವರನ್ನು ಸಾಗಹಾಕುವ ದನಿಯಲ್ಲಿ ಹೇಳಿ ಫೋನ್ ಇಡುತ್ತೇನೆ.

ಮಗಳು ದೀಪಾ ಒಂದು ದಿನ ಜೋರು ಮಾಡಿದಳು. "ಅಮ್ಮಾ, ಅದ್ ಅಷ್ಟ್ ಪ್ರೀತಿಯಂಗೆ ಹೇಳತ್ತ್. ನೀ ಪಂಚಾಯ್ತಿ ಆಫೀಸಿನವ್ರ್ ಹಾಂಗೆ ಉತ್ರ ಕೊಡ್ತೆ ಅಲ್ದಾ!"

ಕೊಡದೆ ಏನು ಮಾಡಲಿ, ನೀವೇ ಹೇಳಿ. ನನಗೆ ಹಾಗೆ ಯಾರೂ ಹೇಳಿದ್ದಿಲ್ಲ. ಹೇಳುವುದು ಹಾಗಿರಲಿ, ನಮ್ಮ ಕಡೆ ಕೊಂಗಾಟ ಎಂದು ಒಂದು ಮಾತಿದೆ. ಮುದ್ದು ಎಂದರೆ ಅದರ ಅರ್ಧ ಮಾತ್ರ ಆಯಿತು. ಮಗುವನ್ನು ಮಡಿಲಿಗೆ ಎಳೆದುಕೊಂಡು, ಕೆನ್ನೆ ಹಿಂಡಿ, ಅದರ ಹೊಟ್ಟೆಗೆ ಮುಖ ಒತ್ತಿ, ತಲೆಬುಡವಿಲ್ಲದ ಹೆಸರು ಹಿಡಿದು ಕರೆದು, ಮಗು ಕೊಸರಾಡಿದರೂ ಬಿಡದೆ ಇರುವುದಕ್ಕೆ ಕೊಂಗಾಟ ಎನ್ನುವುದು. ನನ್ನ ಅಬ್ಬಿ, ತಾಯಿಯನ್ನು ನಾವು ಅಬ್ಬಿ ಎಂದೇ ಕರೆಯುವುದು, ಒಂದು ದಿನವಾದರೂ ನನ್ನನ್ನು ಹಾಗೆ ಕೊಂಗಾಟ ಮಾಡಿದ್ದು ನನಗೆ ನೆನಪಿಲ್ಲ. ನಿವೃತ್ತಿಯ ಹೊಸ್ತಿಲಲ್ಲಿ ನಿಂತ ಟೀಚರು ಹೇಳುವ ಮಾತಲ್ಲ ಇದು, ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಒಂದು ಸಲ, ಬರೀ ಒಂದು ಸಲ ಅಬ್ಬಿ ನನ್ನನ್ನು ಹತ್ತಿರ ಎಳೆದುಕೊಂಡು ಕೊಂಗಾಟ ಮಾಡಬೇಕೆಂದು ನನಗೆ ಆಸೆ. ಅವಳಿಗೆ ಎಂಬತ್ತು ದಾಟಿ ಹೋಗಿದೆ. ಈ ಆಸೆಗೆ ಇನ್ನು ಹೆಚ್ಚು ಕಾಲವಿಲ್ಲ ಎಂದು ನೆನೆದಾಗ ಸೌಟು ಕೈಯಲ್ಲೇ ಉಳಿದು ಒಗ್ಗರಣೆ ಸೀಯುತ್ತದೆ.

ಮೊನ್ನೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದೇ ಮಾತು ಬಂತು. ಗಣಿತದ ಟೀಚರು ಮೊಬೈಲಿನಲ್ಲಿ ಬಂದ ಏನನ್ನೋ ಗಟ್ಟಿಯಾಗಿ ಓದುತ್ತಿದ್ದರು. ಚೀನಾದ ತಾಯಂದಿರು ಬಲು ಬಿಗಿಯಂತೆ. ಮಕ್ಕಳಿಗೆ ಟಿವಿ ಇಲ್ಲ, ಗೆಳತಿಯರ ಮನೆಗೆ ಹೋಗಿ ಮಲಗುವಂತಿಲ್ಲ, ನಾಟಕದಲ್ಲಿ ಪಾರ್ಟು ಮಾಡುವಂತಿಲ್ಲ, ಪಿಟೀಲು ತಪ್ಪಿಲ್ಲದೆ ನುಡಿಸುವ ತನಕ ನೀರಿಗೆ ಏಳುವ ಹಾಗೂ ಇಲ್ಲ. ಅಮೆರಿಕದ ತಾಯಂದಿರೋ, ಮಗು ಗೋಡೆಯ ಮೇಲೆ ಗೀಚಿದರೂ "ಅಬ್ಬಾ, ಎಷ್ಟು ಚಂದ ಮಾಡಿದ್ದೀ ಪುಟ್ಟಾ" ಎಂದು ಬೆನ್ನು ತಟ್ಟುತ್ತಾರಂತೆ.

ಡ್ರಿಲ್ ಮಾಸ್ಟ್ರು ಚಹಾದ ಲೋಟ ಕೆಳಗಿಟ್ಟು, "ಹಾಂಗಾರೆ ನಮ್ ಶಾಲಿ ಗೋಡಿ ಕಂಡ್ರೆ ಇಲ್ಲಿಪ್ಪರೆಲ್ಲ ಅಮೆರಿಕದವ್ರೇ ಮಾರಾಯ್ರೆ" ಎಂದರು.

ಎಲ್ಲರೂ ನಕ್ಕೆವು. ನಗುವ ವಿಷಯವೇ. ಹಿಂದಿನ ವಾರವಷ್ಟೇ ಪೋಷಕರ ಸಭೆಗೆ ಬಂದ ತಾಯಿಯೊಬ್ಬಳು, "ಟೀಚರೇ, ನಾವ್ ಅವಂಗೆ ಬೇಡ ಅಂಬು ಮಾತೇ ಹೇಳುದಿಲ್ಲ. ಮನಸ್ಸಿಗ್ ಪೆಟ್ಟಾತ್ತ್ ಅಂಬ್ರ್" ಎಂದು ನನಗೆ ತಿಳಿಹೇಳುತ್ತಿದ್ದಳು. ಅಷ್ಟರಲ್ಲಿ ಆ ಪುಣ್ಯಾತ್ಮ ನನ್ನ ಸೀಮೆಸುಣ್ಣದ ಡಬ್ಬಿಯನ್ನು ಕಿಟಕಿಯಿಂದ ಹೊರಗೆ ಖಾಲಿ ಮಾಡುತ್ತಿದ್ದ. "ಹ್ವಾಯ್, ಬೇಡ!" ಎಂದೆ. ಹುಡುಗ ಗಕ್ಕನೆ ನಿಂತ. ಹೆದರಿ ಅಲ್ಲ, ಇದು ಯಾವ ಭಾಷೆ ಎಂದು ಯೋಚಿಸಿ ನಿಂತದ್ದು.

ನಗುವಾಗಲೇ ನನಗೆ ತವರುಮನೆ ನೆನಪಾಯಿತು. ಯಾಕೆಂದರೆ ಪಿಟೀಲು ಒಂದನ್ನು ಬಿಟ್ಟರೆ ಆ ಚೀನಾ ಪೂರ್ತಿ ಹಟ್ಟಿಯಂಗಡಿಯ ನಮ್ಮ ಮನೆಯಲ್ಲಿತ್ತು. ಅಮೆರಿಕವೂ ದೂರವಿರಲಿಲ್ಲ. ನಮ್ಮ ಗದ್ದೆ ದಾಟಿ ಇಳಿದರೆ ಹೊಳೆಬದಿಯಲ್ಲಿ ಬೇಬಿಯಕ್ಕನ ಮನೆ, ಅದೇ ಅಮೆರಿಕ.

ಮೊದಲು ಚೀನಾದ ಕಥೆ ಹೇಳುತ್ತೇನೆ. ನಮ್ಮದು ತುಂಬಿದ ಮನೆ. ಅಜ್ಜ, ಅಜ್ಜಿ, ಚಿಕ್ಕಪ್ಪಂದಿರು, ಮದುವೆಯಾಗದ ಒಬ್ಬ ಅತ್ತೆ, ಹೋಗಿಬರುವ ನೆಂಟರು. ಅಪ್ಪಯ್ಯ ತಲ್ಲೂರಿನ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರು, ಸಂಜೆ ಮೈಮೇಲೆ ತೌಡಿನ ಧೂಳು ಹೊತ್ತು ಬಂದು ಸದ್ದಿಲ್ಲದೆ ಉಂಡು ಮಲಗುವ ಜೀವ. ಮಕ್ಕಳ ಇಲಾಖೆ ಪೂರ್ತಿ ಅಬ್ಬಿಯದು. ದೀಪ ಹಚ್ಚುವ ಹೊತ್ತಿಗೆ ನಾನು ಮಣೆಯ ಮೇಲೆ ಕೂತಿರಬೇಕು. ಕೂತು ಬಾಯಿಪಾಠ ಒಪ್ಪಿಸಬೇಕು. ವಾರ, ತಿಂಗಳು, ನಕ್ಷತ್ರ, ಆಮೇಲೆ ಮಗ್ಗಿ, ಎಲ್ಲಕ್ಕಿಂತ ಕೊನೆಗೆ ಅರವತ್ತು ಸಂವತ್ಸರಗಳು. ಪ್ರಭವ, ವಿಭವ, ಶುಕ್ಲ ಎಂದು ಹೊರಟ ಗಾಡಿ ಚಿತ್ರಭಾನು ಬಂದಲ್ಲಿ ತಪ್ಪದೆ ಹಳಿ ತಪ್ಪುತ್ತಿತ್ತು. ಒಂದು ಭಾನು ಆಯಿತಲ್ಲ, ಇನ್ನೊಂದು ಸ್ವಭಾನು ಯಾಕೆ ಎಂದು ನನ್ನ ನಾಲಿಗೆಗೆ ಅನಿಸುತ್ತಿತ್ತೋ ಏನೋ, ಸೀದಾ ತಾರಣಕ್ಕೆ ಹಾರುತ್ತಿದ್ದೆ.

ಅಬ್ಬಿ ಎದುರು ಕೂತು ಕೇಳುವವಳಲ್ಲ. ಅವಳು ಒಳಗೆ ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿರುತ್ತಿದ್ದಳು. ಕರ್ ಕರ್ ಎಂದು ಆ ಸದ್ದು ನಡೆಯುವ ತನಕ ಎಲ್ಲ ಸರಿ. ಸದ್ದು ನಿಂತಿತೋ, ಎಲ್ಲೋ ತಪ್ಪಿದೆ. ಆಗ ಒಳಗಿಂದ ಒಂದೇ ಮಾತು. "ಮೊದ್ಲಿಂದ." ಮತ್ತೆ ಪ್ರಭವ, ಮತ್ತೆ ವಿಭವ. ಮೂರನೇ ಸಲವೂ ಸ್ವಭಾನು ಕೈಕೊಟ್ಟರೆ ಬಾಗಿಲ ಮೇಲಿನ ಸಂದಿಯಿಂದ ಅಡರು, ಅಂದರೆ ಸಪೂರದ ಒಂದು ಕೋಲು, ಕೆಳಗಿಳಿಯುತ್ತಿತ್ತು. ಪೆಟ್ಟು ಯಾವಾಗಲೂ ಮೊಣಕಾಲಿನ ಕೆಳಗೆ. ಮರ್ಕಿದರೆ, ಅಂದರೆ ಅತ್ತರೆ, ಇನ್ನೊಂದು. ಹಾಗಾಗಿ ನಾನು ಅಳುವುದನ್ನು ಮೂಗಿನ ಒಳಗೇ ಅಳಲು ಕಲಿತೆ. ಈ ವಿದ್ಯೆ ಮುಂದೆ ಇನ್‌ಸ್ಪೆಕ್ಷನ್ ದಿನಗಳಲ್ಲಿ ಬಹಳ ಉಪಯೋಗಕ್ಕೆ ಬಂತು.

ಹೊಗಳುವುದಂತೂ ಅವಳ ಜಾತಕದಲ್ಲಿ ಇರಲಿಲ್ಲ. ಒಮ್ಮೆ ಶಾಲೆಯಲ್ಲಿ ಕಂಠಪಾಠ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ಸ್ಟೀಲಿನ ಲೋಟ. ದಾರಿಯುದ್ದಕ್ಕೂ ಅದರಲ್ಲಿ ನನ್ನ ಮುಖ ನೋಡಿಕೊಳ್ಳುತ್ತ ಓಡಿ ಬಂದೆ. ಮುಖ ಅಗಲವಾಗಿ ಕಾಣುತ್ತಿತ್ತು, ಇರಲಿ, ಗೆದ್ದವಳ ಮುಖ. ಅಬ್ಬಿ ಲೋಟವನ್ನು ಈಸಿಕೊಂಡು ತಿರುಗಿಸಿ ತಳ ನೋಡಿದಳು, ಬೆರಳಿನಿಂದ ಬಡಿದು ನೋಡಿದಳು, "ತಳ ತೆಳು ಇತ್ತ್" ಎಂದಳು. ಅಷ್ಟೇ. ಮಾರನೆಯ ಬೆಳಿಗ್ಗೆ ಅದರಲ್ಲಿ ಅಕ್ಕಿ ಅಳೆಯುತ್ತಿದ್ದಳು. ಆ ಲೋಟ ಬಹಳ ವರ್ಷ ಅಕ್ಕಿ ಡಬ್ಬದಲ್ಲೇ ಬಿದ್ದಿತ್ತು.

ಇನ್ನು ಅಮೆರಿಕ. ಬೇಬಿಯಕ್ಕ ಬೆಳಕು ಹರಿಯುವ ಮುಂಚೆ ಗಂಗೊಳ್ಳಿಗೆ ಹೋಗಿ ಮೀನು ತಂದು, ಬುಟ್ಟಿ ಹೊತ್ತು ಊರೂರು ಮಾರಿ, ಊಟದ ಹೊತ್ತು ಮೀರಿದ ಮೇಲೆ ಮನೆಗೆ ಬರುವವಳು. ಅವಳ ಮಗಳು ಜಲಜ ನನ್ನ ಕ್ಲಾಸು. ಜಲಜನಿಗೆ ದೀಪ ಹಚ್ಚುವ ಹೊತ್ತಿನ ಹಂಗಿಲ್ಲ, ಮಣೆಯಿಲ್ಲ, ಸಂವತ್ಸರ ಇಲ್ಲ. ಹಸಿವಾದರೆ ಗಂಜಿ ಬಡಿಸಿಕೊಂಡು ಉಣ್ಣುವಳು, ಮನಸ್ಸಾದರೆ ಹೊಳೆಗೆ ಹಾರುವಳು. ಅವಳಿಗೆ ಈಜು ಬರುತ್ತಿತ್ತು, ಮರ ಹತ್ತಲು ಬರುತ್ತಿತ್ತು, ಶಿಳ್ಳೆ ಹೊಡೆಯಲು ಬರುತ್ತಿತ್ತು. ನನಗೆ ಅಕ್ಷಯ ಸಂವತ್ಸರದ ತನಕ ಬರುತ್ತಿತ್ತು, ಅದೂ ಸ್ವಭಾನು ಬಿಟ್ಟು.

ನನಗೆ ಹೊಟ್ಟೆಕಿಚ್ಚು ಹೊಳೆಯ ಮೇಲೂ ಅಲ್ಲ, ಶಿಳ್ಳೆಯ ಮೇಲೂ ಅಲ್ಲ. ಬೇಬಿಯಕ್ಕ ಬಂದು ಬುಟ್ಟಿ ಇಳಿಸಿ ಜಗಲಿಯ ಮೇಲೆ ಕಾಲು ಚಾಚಿ ಕೂತಳೆಂದರೆ, ಅಷ್ಟು ದೊಡ್ಡ ಹುಡುಗಿ ಜಲಜ ಹೋಗಿ ಅವಳ ಮಡಿಲಿಗೆ ದೊಪ್ಪನೆ ಬೀಳುತ್ತಿದ್ದಳು. "ನನ್ ಕಾಣೆ ಮೀನೇ, ನನ್ ಬಂಗುಡೆ ಮರಿಯೇ, ಬಾ, ನಿನ್ನ ಸಾರ್ ಮಾಡ್ತೆ" ಎಂದು ಬೇಬಿಯಕ್ಕ ಅವಳ ಕುತ್ತಿಗೆ, ಕಿವಿ, ಹೊಟ್ಟೆ ಎಲ್ಲ ಕಚ್ಚಿ ಕಚ್ಚಿ ನಗಿಸುತ್ತಿದ್ದಳು. ಅವಳ ಕೈಯ ಮೀನಿನ ಹುರುಪೆ ಜಲಜನ ಕೆನ್ನೆಗೆ ಅಂಟಿ ಹೊಳೆಯುತ್ತಿತ್ತು. ನಾನು ಜಗಲಿಯ ಕಂಬ ಹಿಡಿದುಕೊಂಡು ನೋಡುತ್ತಿದ್ದೆ.

ಒಂದು ದಿನ ಬೇಬಿಯಕ್ಕನಿಗೆ ನನ್ನ ಮುಖ ಕಂಡಿತು. "ಎಂತ ಹೆಣೆ, ಕಂಬಕ್ಕೆ ಜೀವ ಬಪ್ಪು ಹಾಂಗೆ ಅಪ್ಪಿ ಹಿಡ್ಕಂಡಿದ್ದೆ? ಬಾ, ನೀನೂ ಬಾ" ಎಂದು ನನ್ನ ಕೈ ಹಿಡಿದು ಎಳೆದಳು. ಒಂದು ತೊಡೆಯ ಮೇಲೆ ಜಲಜ, ಇನ್ನೊಂದರ ಮೇಲೆ ನಾನು. ಅದು ನನ್ನ ಜೀವನದ ಮೊದಲ ಕೊಂಗಾಟ, ಎರವಲು ಮಡಿಲಿನದು. ಮನೆಗೆ ಬರುವಾಗ ಕಾಲು ನೆಲದ ಮೇಲೆ ಇರಲಿಲ್ಲ. ನಮ್ಮದು ಮೀನು ತಿನ್ನದ ಮನೆ. ಚಾವಡಿಗೆ ಕಾಲಿಡುವ ಮೊದಲೇ ಅಜ್ಜಿಯ ಮೂಗಿಗೆ ವಾಸನೆ ಬಡಿಯಿತು. ಅಜ್ಜಿ ಬಾಯಿ ತೆರೆಯುವುದರೊಳಗೆ ಅಬ್ಬಿ ಅಡರು ಹಿಡಿದು ಬಂದಾಗಿತ್ತು. ಅಜ್ಜಿಯ ಕಣ್ಣೆದುರೇ ಎರಡು ಬಿಗಿದು, ನನ್ನನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ತಲೆಗೇ ನೀರು ಸುರಿದಳು. ನನಗೆ ಪೆಟ್ಟಿನ ದುಃಖಕ್ಕಿಂತ ವಾಸನೆ ಹೋಯಿತಲ್ಲ ಎಂಬ ದುಃಖ ದೊಡ್ಡದಾಯಿತು.

ಈಗ ಜಲಜ ಬೈಂದೂರಿನಲ್ಲಿದ್ದಾಳೆ. ಗಂಡನ ಮನೆಯವರದು ಮೀನಿನ ವ್ಯಾಪಾರ, ಕೈತುಂಬ ಬಳೆ, ಮೊಮ್ಮಕ್ಕಳು. ಹೋದ ವರ್ಷ ಒಂದು ಮದುವೆ ಹಾಲಿನಲ್ಲಿ ಸಿಕ್ಕಿದಳು. ಊಟದ ಸಾಲಿನಲ್ಲಿ ಪಕ್ಕ ಪಕ್ಕ ಕೂತೆವು. "ಜಲಜಾ, ನಿನ್ನ ಕಂಡ್ರೆ ನಂಗೆ ಎಷ್ಟ್ ಹೊಟ್ಟಿಕಿಚ್ಚ್ ಇತ್ತ್ ಗೊತ್ತಿತ್ತಾ?" ಎಂದೆ. ಅವಳು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ನಿಂಗಾ? ನನ್ನ ಕಂಡಾ? ಹೋಗ್ ಮಾರಾಯ್ತಿ. ಕತ್ಲಿ ಆಪ್ಕಾರೆ ನಿನ್ ಅಬ್ಬಿ ಅಂಗಳದ್ ತುದಿಯಂಗ್ ನಿಂತ್ಕಂಡ್ 'ಹ್ವಾಯ್ ವಾರಿಜಾ' ಅಂದ್ಹೇಳಿ ಕೂಗ್ತಿದ್ರಲ್ಲ, ನಂಗ್ ಅದೇ ಒಂದ್ ಆಸಿ. ನಾ ಎಷ್ಟ್ ಹೊತ್ತಿಗ್ ಬಂದ್ರೂ ನಮ್ಮನಿಯಂಗ್ ಕೇಂಬರೇ ಇಲ್ಲ. ಅಬ್ಬಿಗ್ ಸುಸ್ತಾಯಿ ನಿದ್ರಿ ಬಂದಿರ್ತಿತ್ತ್. ಒಂದಿನ ನಿನ್ ಅಬ್ಬಿ ಕೂಗ್ದಾಗ ನಾನೇ 'ಹ್ಞಾಂ ಬಂದೆ' ಅಂದಿದ್ದೆ ಹೊಳಿ ಬದಿಯಂಗ್ ಕೂಕಂಡ್."

ಬಡಿಸುವವನು ಬಂದು "ಸಾರ್ ಬೇಕಾ" ಎಂದು ಕೇಳಿದ, ಇಬ್ಬರೂ ಬೇಡದಿದ್ದರೂ ಹಾಕಿಸಿಕೊಂಡೆವು.

ನಾನು ತಾಯಿಯಾದಾಗ ಏನು ಮಾಡಿದೆ ಎಂದು ಕೇಳುತ್ತೀರಿ. ನಾನು ಅತ್ತ ಚೀನಾವೂ ಅಲ್ಲದ ಇತ್ತ ಅಮೆರಿಕವೂ ಅಲ್ಲದ ಎಡಬಿಡಂಗಿ. ಅಡರು ತಂದಿಟ್ಟೆ, ಹೊಡೆಯಲು ಕೈ ಬರಲಿಲ್ಲ. ಕೊಂಗಾಟ ಮಾಡಲು ಹೋದೆ, ಅದಕ್ಕೂ ಕೈ ಬರಲಿಲ್ಲ. ಕೊನೆಗೆ ದೀಪಾಳ ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆಯುವುದೇ ನನ್ನ ಪ್ರೀತಿ ಎಂದು ಇತ್ಯರ್ಥವಾಯಿತು. ದೀಪಾ ಈಗ ಪೂರ್ತಿ ಅಮೆರಿಕ. ಅವಳ ಮನೆಯಲ್ಲಿ ಮಗುವಿಗೆ ಬೈಯುವಂತಿಲ್ಲ. ತಪ್ಪು ಮಾಡಿದರೆ ಮೂಲೆಯಲ್ಲಿ ಒಂದು ಪುಟ್ಟ ಕುರ್ಚಿಯಿದೆ, ಅಲ್ಲಿ ಕೂತು ಯೋಚನೆ ಮಾಡಬೇಕು. ಸಾನ್ವಿಗೆ ಆ ಕುರ್ಚಿ ಬಲು ಇಷ್ಟ. ನಾನು ಹೋದಾಗ ಒಮ್ಮೆ ತಪ್ಪೇನೂ ಮಾಡದೆ ಚಕ್ಕುಲಿ ಹಿಡಿದುಕೊಂಡು ಅಲ್ಲಿ ಕೂತಿದ್ದಳು. ಏನು ಯೋಚನೆ ಎಂದು ಕೇಳಿದೆ. "ನೆಕ್ಸ್ಟ್ ಎಂತ ಮಾಡುದ್ ಅಂತ" ಎಂದಳು.

ಇಷ್ಟಕ್ಕೆ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕಾಲ ಬದಲಾಯಿತು ಎಂದುಕೊಳ್ಳುತ್ತಿದ್ದೆ. ಆದರೆ ಚೀನಾದ ಮಹಾರಾಣಿ ಸ್ವತಃ ಪಕ್ಷ ಬದಲಿಸಿದರೆ ಏನು ಹೇಳುವುದು? ಹಟ್ಟಿಯಂಗಡಿಯ ಮನೆಯಲ್ಲಿ ಈಗ ತಮ್ಮ, ತಮ್ಮನ ಹೆಂಡತಿ, ಅವರ ಮಕ್ಕಳು, ಎಲ್ಲರ ನಡುವೆ ಅಬ್ಬಿ ಆರಾಮಾಗಿ ಇದ್ದಾಳೆ. ಸಾನ್ವಿ ಅಲ್ಲಿಗೆ ಹೋದರೆ ಸಾಕು, ಅಬ್ಬಿ ಅವಳನ್ನು ಮಡಿಲಿಗೆ ಎಳೆದುಕೊಂಡು "ನನ್ ಬೆಲ್ಲದುಂಡೆ, ನನ್ ಸಂಪಿಗಿ ಮೊಗ್ಗೇ" ಎಂದು ಶುರು. ಸಾನ್ವಿ ಹಾಲು ಚೆಲ್ಲಿದರೆ "ಚೆಲ್ಲಿರೆ ಚೆಲ್ಲಲಿ ಬಿಡ್, ನೆಲ ತಂಪ್ ಆತ್ತ್." ಇದೇ ನೆಲದ ಮೇಲೆ ಇದೇ ಹಾಲು ನಾನು ಚೆಲ್ಲಿದಾಗ ನೆಲ ತಂಪಾಗಲಿಲ್ಲ, ನನ್ನ ಮೀನಖಂಡ ಬಿಸಿಯಾಯಿತು. ಒಮ್ಮೆ ನಾನು ಸಾನ್ವಿಯನ್ನು ಕೂರಿಸಿ ಸಂವತ್ಸರ ಹೇಳಿಕೊಡಲು ಹೊರಟೆ. ವಿಭವಕ್ಕೆ ಬರುವಷ್ಟರಲ್ಲಿ ಅಬ್ಬಿಯ ದನಿ. "ಎಂತಕ್ಕೆ ಆ ಮಗಿಗ್ ಉಪದ್ರ ಕೊಡ್ತೆ? ಅದ್ ಕಲ್ತ್ ಯಾರ್ ಉದ್ಧಾರ ಆಯಿರ್?"

ಇವಳು ಯಾರ ಅಬ್ಬಿ? ನನ್ನವಳು ಎಲ್ಲಿ ಹೋದಳು? ಮೊಮ್ಮಗಳ ಮೇಲೆ ಹೊಟ್ಟೆಕಿಚ್ಚು ಪಡುವ ಅಜ್ಜಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಾಣದಿದ್ದರೆ ಬ್ರಹ್ಮಾವರಕ್ಕೆ ಬನ್ನಿ.

ಈ ಬೇಸಿಗೆ ರಜೆಯಲ್ಲಿ ಸಾನ್ವಿಯನ್ನು ಕರೆದುಕೊಂಡು ಹಟ್ಟಿಯಂಗಡಿಗೆ ಹೊರಟೆ. ಬ್ರಹ್ಮಾವರದಿಂದ ಮೊದಲ ಬಸ್ಸಿಗೇ ಹತ್ತಿ, ಕುಂದಾಪುರದಲ್ಲಿ ಇಳಿದು ದೀಪಾಳ ಕೈಯಿಂದ ಸಾನ್ವಿಯನ್ನೂ ಅವಳ ಬಣ್ಣದ ಪೆನ್ಸಿಲುಗಳ ಚೀಲವನ್ನೂ ವಹಿಸಿಕೊಂಡು, ಇನ್ನೊಂದು ಬಸ್ಸು ಹಿಡಿದು, ಬಿಸಿಲೇರುವ ಹೊತ್ತಿಗೆ ತಲುಪಿದೆವು. ಊಟವಾಯಿತು. ತಮ್ಮನ ಮನೆಯವರೆಲ್ಲ ಹಾಲಾಡಿಯಲ್ಲಿ ಯಾರದೋ ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹೋಗಿದ್ದರು. ಚಾವಡಿಯಲ್ಲಿ ನಾವು ಮೂರೇ ಜನ. ಅಬ್ಬಿ ಮೊರದಲ್ಲಿ ಹಲಸಿನ ಬೀಜ ಹಾಕಿಕೊಂಡು ಸಿಪ್ಪೆ ತೆಗೆಯುತ್ತಿದ್ದಳು. ಸಾನ್ವಿ ಅವಳ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಒಂದು ಬೀಜ ಸುಲಿದರೆ ಒಂದು ಸಲ ಕೆನ್ನೆ ಸವರುವುದು, ಇನ್ನೊಂದು ಸುಲಿದರೆ ಮೂಗು ಹಿಂಡುವುದು. ನನಗೆ ತಡೆಯಲಾಗಲಿಲ್ಲ. ಕೇಳಿಯೇ ಬಿಟ್ಟೆ.

"ಅಬ್ಬಿ, ನಂಗೆ ಎಂತಕ್ಕೆ ಒಂದಿನವೂ ಹೀಂಗ್ ಕೊಂಗಾಟ ಮಾಡ್ಲಿಲ್ಲ ನೀ?"

ಅಬ್ಬಿ ತಲೆ ಎತ್ತಲಿಲ್ಲ. "ಮಾಡ್ಲಿಲ್ಲ ಅಂದ್ಹೇಳಿ ಯಾರ್ ಹೇಳ್ರ್?"

"ಯಾರ್ ಹೇಳುಕೆ? ನಂಗ್ ಗೊತ್ತಿಲ್ದಾ?"

"ನಿಂಗ್ ಹ್ಯಾಂಗ್ ಗೊತ್ತಾಪ್ದ್? ನಿಂಗ್ ನಿದ್ರಿ ಬಂದಿರ್ತಿತ್ತ್."

ನನಗೆ ಅರ್ಥವಾಗಲಿಲ್ಲ. ಅಬ್ಬಿ ಬೀಜ ಸುಲಿಯುತ್ತಲೇ ಹೇಳಿದಳು, ನಿನ್ನೆಯ ಸಾರಿಗೆ ಉಪ್ಪು ಹೆಚ್ಚಾದದ್ದನ್ನು ಹೇಳುವ ಹಾಗೆ.

"ಆಗ ಹಾಂಗೆಲ್ಲ ಇತ್ತಾ? ಮನಿ ತುಂಬ ಜನ. ಚಾವಡಿಯಂಗೆ ಮಾವ, ಒಳಗೆ ಅತ್ತಿ. ಹಿರಿಯರ್ ಎದ್ರಂಗೆ ಹೆತ್ತ ಮಕ್ಳನ್ನ ಎತ್ತಿ ಕೊಂಗಾಟ ಮಾಡ್ರೆ 'ಊರಂಗ್ ನಿಂಗ್ ಒಬ್ಳಿಗೇ ಮಕ್ಳ್ ಆದ್ದಾ?' ಅಂಬ್ರ್. ಹಾಲ್ ಕುಡ್ಸುಕೆ ಎತ್ಕಂಬುಕಿತ್ತ್, ಅಷ್ಟೇ. ನಾ ಹೊಡಿಲಿಲ್ಲ ಅಂದ್ರೆ ಅತ್ತಿ ಹೊಡಿತಿದ್ರ್. ಅವ್ರ್ ಕೈ ಭಾರ. ಅದಕ್ಕೆ ಅವ್ರ್ ಏಳುಕ್ ಮುಂಚೆ ನಾನೇ ಓಡಿ ಬತ್ತಿದ್ದೆ."

"ಮತ್ತೆ?"

"ಮತ್ತೆಂತ? ಕೆಲ್ಸ ಎಲ್ಲ ಆಯಿ ನಾ ಬಪ್ಪತಿಗೆ ನೀ ಮನಿಕಂಡಿರ್ತಿದ್ದೆ. ಹತ್ರ ಕೂಕಂಡ್ ಹೊಡ್ದ್ ಜಾಗಕ್ಕೆ ಎಣ್ಣಿ ಹಚ್ತಿದ್ದೆ. ಆಮೇಲೆ ಕೊಂಗಾಟ. ನಿಂಗೆ ಎಂತ ಗೊತ್ತ್? ತಲಿ ನೆಲಕ್ಕಿಟ್ರೆ ಕಲ್ಲ್ ನೀ."

ಬೆಳಿಗ್ಗೆ ಏಳುವಾಗ ಕಾಲಿನಲ್ಲಿ ಎಣ್ಣೆಯ ಪಸೆ ಇರುತ್ತಿದ್ದದ್ದು ನನಗೆ ಆಗ ನೆನಪಾಯಿತು. ಲಂಗದ ಅಂಚು ಜಿಡ್ಡಾಗಿರುತ್ತಿತ್ತು. ಮಕ್ಕಳ ಕಾಲೆಂದರೆ ಹಾಗೇ ಇರುವುದು ಎಂದುಕೊಂಡಿದ್ದೆ.

"ದಿನಾನೂ ಮಾಡ್ತಿದ್ಯಾ ಅಬ್ಬಿ?"

"ದಿನಾ ಅಲ್ದೆ? ವರ್ಷಕ್ಕೊಂದ್ಸಲ ಮಾಡುಕೆ ಅದೆಂತ ದೀಪಾವಳಿ ಎಣ್ಣಿಶಾಸ್ತ್ರವಾ?"

ಸಂತೋಷ ಆಗಬೇಕಿತ್ತು. ನನಗೆ ಸಿಟ್ಟು ಬಂತು. ನಿಜವಾದ ಸಿಟ್ಟು, ಕಣ್ಣಲ್ಲಿ ನೀರು ಬರುವಂಥದ್ದು. ನನಗೆಂದು ಬಡಿಸಿದ್ದನ್ನೆಲ್ಲ ಉಂಡವಳು ನಾನೇ, ರುಚಿ ಮಾತ್ರ ಗೊತ್ತಿಲ್ಲ. ಒಂದು ದಿನ, ಒಂದೇ ಒಂದು ದಿನ ನನಗೆ ನಿದ್ದೆ ಬಾರದೆ ಇರಬಾರದಿತ್ತೇ? ಸೊಳ್ಳೆಯಾದರೂ ಕಚ್ಚಬಾರದಿತ್ತೇ? ಜ್ವರವಾದರೂ ಬರಬಾರದಿತ್ತೇ? ಅಷ್ಟು ವರ್ಷ ದಿನವೂ ಅಬ್ಬಿ ಬಂದು ಕೂತು ಹೋದಳು, ಈ ಕಲ್ಲು ಮಗುಚಲೂ ಇಲ್ಲ. ಯಾವ ಹೆಸರು ಹಿಡಿದು ಕರೆಯುತ್ತಿದ್ದಳು? ಬೆಲ್ಲದುಂಡೆ ಎಂದಿದ್ದಳೇ? ಬೇರೆ ಏನಾದರೂ ಇತ್ತೇ, ನನಗೆಂದೇ ಮಾಡಿದ್ದು? ಕೇಳಿದೆ. "ಅದೆಲ್ಲ ಯಾರಿಗ್ ನೆನ್ಪಿತ್ತ್, ಮಳ್ಳ್ ಹೆಣ್ಣ್" ಎಂದು ಅಬ್ಬಿ ಮೊರ ಕುಲುಕಿದಳು.

ಆಗ ನಾನು ಮಾಡಿದ ಕೆಲಸವನ್ನು ನಮ್ಮ ಶಾಲೆಯ ಮಕ್ಕಳಿಗೆ ಯಾರೂ ದಯವಿಟ್ಟು ಹೇಳಬೇಡಿ. ಚಾಪೆ ಬಿಡಿಸಿ ಅಬ್ಬಿಯ ಪಕ್ಕದಲ್ಲಿ ಮಲಗಿದೆ. ತಲೆಯ ಕೆಳಗೆ ಕೈಯಿಟ್ಟು ಕಣ್ಣು ಮುಚ್ಚಿದೆ. ಉಸಿರನ್ನು ಉದ್ದಕ್ಕೆ ಬಿಡಲು ಶುರು ಮಾಡಿದೆ. ಫ್ಯಾನು ತಿರುಗುತ್ತಿತ್ತು. ಬೀಜದ ಸಿಪ್ಪೆ ಚಟ್ ಚಟ್ ಎಂದು ಬಿಡುತ್ತಿತ್ತು. ನಾನು ಕಾದೆ.

"ಹೆಣೆ, ನಿಂಗ್ ನಿದ್ರಿ ಬರ್ಲಿಲ್ಲ. ಕಣ್ಣ್ ಗುಡ್ಡಿ ಹಂದ್ತಾ ಇತ್ತ್" ಎಂದಳು ಅಬ್ಬಿ.

ಕಣ್ಣುಗುಡ್ಡೆ ಅಲುಗಾಡದ ಹಾಗೆ ಬಿಗಿ ಹಿಡಿದೆ. ಸಾಲದೆಂದು ಸಣ್ಣಗೆ ಒಂದು ಗೊರಕೆಯನ್ನೂ ಸೇರಿಸಿದೆ. ಸಾನ್ವಿ ಕಿಲಕಿಲ ನಕ್ಕಳು.

"ಗೊರ್ಕಿ ಹೊಡುಕೂ ಬತ್ತಿಲ್ಲ ನಿಂಗೆ. ಮೊದ್ಲಿಂದ ಹೊಡಿ" ಎಂದಳು ಅಬ್ಬಿ.

ನನಗೂ ನಗು ಬಂತು, ನುಂಗಿಕೊಂಡೆ. ಹಟ ಬಿಡಲಿಲ್ಲ. ಎಷ್ಟಾದರೂ ನಾನು ಅವಳ ಮಗಳೇ. ಇವತ್ತು ಅವಳು ಸೋಲಬೇಕು ಇಲ್ಲ ನಾನು ಸೋಲಬೇಕು ಎಂದು ಕಣ್ಣು ಮುಚ್ಚಿಯೇ ಇದ್ದೆ. ಕೆಂಪು ನೆಲದ ತಂಪು ಚಾಪೆಯಿಂದ ಮೇಲೆ ಬರುತ್ತಿತ್ತು. ಅಬ್ಬಿಯ ಸೀರೆಯಿಂದ ಹಲಸಿನ ವಾಸನೆ ಬರುತ್ತಿತ್ತು. ಸಿಪ್ಪೆಯ ಸದ್ದು ಕೇಳುತ್ತ ಕೇಳುತ್ತ, ಈಗ ಕೈ ಬರುತ್ತದೆ, ಈಗ ಬರುತ್ತದೆ ಎಂದುಕೊಳ್ಳುತ್ತಿದ್ದೆ. ನಸುಕಿಗೇ ಎದ್ದು ಬಸ್ಸು ಹಿಡಿದ ಮೈ.

ಕಣ್ಣು ಬಿಟ್ಟಾಗ ಬಿಸಿಲು ಚಾವಡಿಯ ಕಂಬ ದಾಟಿ ಅಂಗಳಕ್ಕೆ ಇಳಿದಾಗಿತ್ತು. ಮೊರ ಇರಲಿಲ್ಲ. ಅಬ್ಬಿ ಇರಲಿಲ್ಲ. ನನ್ನ ಮೇಲೆ ಅವಳ ಹಳೆಯ ಸೀರೆಯೊಂದರ ಹೊದಿಕೆ ಇತ್ತು. ಸಾನ್ವಿ ಮಾತ್ರ ನನ್ನ ತಲೆಯ ಹತ್ತಿರ ಕೂತು ಬಾಯಿಗೆ ಎರಡೂ ಕೈ ಅಡ್ಡ ಹಿಡಿದುಕೊಂಡಿದ್ದಳು. ಅವಳ ಕಣ್ಣು ಕಂಡೇ ನನಗೆ ಗೊತ್ತಾಗಿ ಹೋಯಿತು. ಥೂ ನನ್ನ ನಿದ್ದೆಗೆ ಬೆಂಕಿ ಬೀಳಲಿ.

"ಸಾನ್ವಿ, ದೊಡ್ಡಜ್ಜಿ ಎಂತ ಮಾಡ್ರ್? ನಂಗೆ?"

ಅವಳು ತಲೆಯಾಡಿಸಿದಳು. "ಹೇಳುಕಾಗ. ದೊಡ್ಡಜ್ಜಿ ಹೇಳುಕಾಗ ಅಂದಿದ್ರ್."

"ನಂಗ್ ಮಾತ್ರ ಹೇಳ್, ಚಿನ್ನ. ಕೆನ್ನಿಗಾ? ಹಣಿಗಾ?"

"ಪ್ರಾಮಿಸ್ ಮಾಡಿದ್ದೆ."

"ಎಂತ ಅಂದ್ ಕರ್ದ್ರ್? ಒಂದೇ ಒಂದ್ ಹೆಸ್ರ್ ಹೇಳ್ ಸಾಕ್."

"ಉಹ್ಞೂಂ."

ಚಾಕಲೇಟು ಎಂದೆ. ಐಸ್‌ಕ್ರೀಮು ಎಂದೆ. ಹೊಸ ಬಣ್ಣದ ಡಬ್ಬಿ ಎಂದೆ. ಬೇಡ ಎಂಬ ಮಾತೇ ಕೇಳದೆ ಬೆಳೆದ ಮಗು ಎಲ್ಲಕ್ಕೂ ಬೇಡ ಎಂದಿತು. ಅಮೆರಿಕದ ಪ್ರಜೆ ಚೀನಾದವರ ಹಾಗೆ ಬಾಯಿ ಬಿಗಿದು ಕೂತಿತು. ಕೊನೆಗೆ ನನ್ನ ಮುಖ ನೋಡಿ ಪಾಪ ಅನಿಸಿತೋ ಏನೋ, ಹತ್ತಿರ ಬಂದು ಕಿವಿಯಲ್ಲಿ, "ಅಜ್ಜಿ, ತುಂಬ ಹೊತ್ತ್ ಮಾಡ್ರ್" ಎಂದಿತು.

ಅಷ್ಟರಲ್ಲಿ ಒಳಗಿಂದ ಅಬ್ಬಿಯ ದನಿ ಬಂತು, ಹಳೆಯ ದನಿಯೇ. "ಹೆಣೆ, ಮೂರ್ಸಂಜಿ ಆಯ್ತ್. ಎಷ್ಟ್ ಹೊತ್ತ್ ಮನಿಕಂಬ್ದ್? ಏಳ್, ಕೈಕಾಲ್ ಮುಖ ತೊಳ್ಕಂಡ್ ಬಾ."

"ಬಂದೆ ಅಬ್ಬಿ" ಎಂದು ಎದ್ದು ಬಾವಿಕಟ್ಟೆಗೆ ಹೋದೆ. ಕೊಡಪಾನದಲ್ಲಿ ನೀರು ತುಂಬಿತ್ತು. ಕೈ ತೊಳೆದೆ, ಕಾಲು ತೊಳೆದೆ. ಮುಖಕ್ಕೆ ಮಾತ್ರ ನೀರು ಮುಟ್ಟಿಸಲಿಲ್ಲ. ಅಬ್ಬಿ ಎಲ್ಲಿ ಮುಟ್ಟಿದ್ದಳು ಎಂದು ನನಗೆ ಗೊತ್ತಿರಲಿಲ್ಲ.